ಕೋಡಂಗಿಯ ಹೊತ್ತಿಗೆ ಹೋಗದವರು

ಅಕ್ಕನ ಗಂಡ ಯಾವುದೋ ಡೇರೆಯವರ ಲಾರಿಯ ಮೇಲೆ ಕೂತು ಹೋಗುವುದನ್ನು ಗುರುವಾಯನಕೆರೆಯ ಚಾ ಹೋಟೆಲಿನವನು ಕಂಡಿದ್ದ. ಯಾವ ಡೇರೆ ಎಂದು ಅವನಿಗೆ ಗೊತ್ತಿರಲಿಲ್ಲ. ಬಿದಿರಿನ ಕಂಬ, ಮಡಚಿದ ಕ್ಯಾನ್ವಾಸು, ನಾಲ್ಕೈದು ಪೆಟ್ಟಿಗೆ, ಅದರ ಮೇಲೆ ನಮ್ಮ ಭಾವ. ಅಷ್ಟೇ ಅವನು ಕಂಡದ್ದು. ಸರ್ಕಸ್ಸಿನವರಿಗೂ ಕಂಬ ಉಂಟು, ನಾಟಕ ಕಂಪೆನಿಗೂ ಉಂಟು, ಯಕ್ಷಗಾನದ ಮೇಳಕ್ಕೂ ಉಂಟು. ಆ ವರ್ಷ ಈ ಮೂರೂ ಬಗೆಯವರು ಒಂದೇ ಸಮಯಕ್ಕೆ ಮೂಡಬಿದ್ರೆಯಲ್ಲಿ ಬಿಡಾರ ಹೂಡಿದ್ದರು. ನಾವು ಮೂಡಬಿದ್ರೆಗೆ ಮೂರು ದಿನದ ರಜೆಗೆ ಹೋದದ್ದು ಹೀಗೆ.

ರಜೆ ಎಂಬುದು ಊರಿಗೆ ಹೇಳಿದ ಮಾತು. ಪುಂಜಾಲಕಟ್ಟೆಯ ಹತ್ತಿರದ ನಮ್ಮ ಮನೆಯಿಂದ ಆವರೆಗೆ ಮಜಾ ಮಾಡಲಿಕ್ಕೆಂದು ಯಾರೂ ಎಲ್ಲಿಗೂ ಹೋದದ್ದಿಲ್ಲ. ಮದುವೆ, ಸತ್ತವರ ಬೊಜ್ಜದ ಊಟ, ಬಂಟ್ವಾಳದ ಕೋರ್ಟು, ಈ ಮೂರಕ್ಕೆ ಬಿಟ್ಟರೆ ನಮ್ಮವರು ಬಸ್ಸು ಹತ್ತುತ್ತಿರಲಿಲ್ಲ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ತಂಗಿಯಾದ ನನಗೆ ಹದಿನೈದು ವರ್ಷ, ಅಕ್ಕನಿಗೆ ಇಪ್ಪತ್ತೊಂದು. ನಮ್ಮನ್ನು ಕರೆದುಕೊಂಡು ಹೋದವರು ಸೋದರಮಾವ.

ನಮ್ಮದು ಅಳಿಯಸಂತಾನದ ಮನೆ. ಯಜಮಾನಿಕೆ ಮಾವನದು, ಮದುವೆಯಾದ ಹೆಣ್ಣು ತವರಿನಲ್ಲೇ ಇರುವವಳು, ಗಂಡ ಬಂದು ಹೋಗಿ ಮಾಡುವವನು. ಭಾವ ವೇಣೂರಿನಿಂದ ಸೈಕಲ್ಲು ತುಳಿದುಕೊಂಡು ಮಂಗಳವಾರವೂ ಶನಿವಾರವೂ ಬರುತ್ತಿದ್ದರು. ಅಕ್ಕಿಯ ಮಿಲ್ಲಿನಲ್ಲಿ ಅವರಿಗೆ ಕೆಲಸ. ಇಪ್ಪತ್ತಾರು ವರ್ಷದ ಗಟ್ಟಿ ಆಳು, ಮಾತು ಮಾತ್ರ ಲೆಕ್ಕ ಹಾಕಿ ಆಡಿದಷ್ಟು ಕಡಿಮೆ. ಮಾವನೆದುರು ಅಂತೂ ಬಾಯಿಯೇ ಬಿಡುತ್ತಿರಲಿಲ್ಲ. ಅಕ್ಕನೊಬ್ಬಳ ಹತ್ತಿರ ಎಷ್ಟು ಮಾತಾಡುತ್ತಿದ್ದರೆಂದರೆ, ಗೋಡೆಯ ಈಚೆ ಮಲಗುವ ನನಗೆ ಆ ಗುಜುಗುಜಿನಲ್ಲೇ ನಿದ್ದೆ ಹತ್ತುತ್ತಿತ್ತು. ಮದುವೆಯಾಗಿ ಎರಡು ವರ್ಷ, ಮಕ್ಕಳಾಗಿರಲಿಲ್ಲ. ಆ ದೀಪಾವಳಿ ಕಳೆದ ಮೇಲಿನ ಮಂಗಳವಾರ ಭಾವ ಬರಲಿಲ್ಲ. ಶನಿವಾರವೂ ಬರಲಿಲ್ಲ. ವೇಣೂರಿಗೆ ಜನ ಕಳಿಸಿದರೆ ಅವರ ಮನೆಯವರು, ಘಟ್ಟದ ಮೇಲೆ ಹೋಟೆಲು ಕೆಲಸಕ್ಕೆ ಹೋಗಿದ್ದಾನೆ ಎಂದರು. ಅದು ಸುಳ್ಳೆಂದು ಹೇಳಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು.

ಮಾವ ಮೂರು ತಿಂಗಳು ಸುಮ್ಮನಿದ್ದರು. ನಾಲ್ಕನೆಯ ತಿಂಗಳಲ್ಲಿ ಬೆಳ್ತಂಗಡಿಯ ಕಡೆಯಿಂದ ಒಬ್ಬರು ಬಂದು ಚಾವಡಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಹೋದರು. ಹೆಂಡತಿ ತೀರಿಹೋದವರು, ಒಳ್ಳೆಯ ಗದ್ದೆಯಿದ್ದವರು. ನಮ್ಮಲ್ಲಿ ಗಂಡ ಬಿಟ್ಟ ಹೆಣ್ಣಿಗೆ ಎರಡನೆಯ ಮದುವೆ ಮಾಡಲಿಕ್ಕೆ ಬುಡುದಾರೆ ಎಂಬ ಸಣ್ಣ ಶಾಸ್ತ್ರ ಉಂಟು. ವಾಲಗವಿಲ್ಲ, ಚಪ್ಪರವಿಲ್ಲ, ಮುಗಿಯಿತು. ಅಕ್ಕ ಆ ದಿನ ಉಣ್ಣಲಿಲ್ಲ. ಮರುದಿನ ಚಾ ಹೋಟೆಲಿನವನ ಸುದ್ದಿ ಮುಟ್ಟಿತು. ಅಕ್ಕ ಮಾವನ ಎದುರು ಬಂದು ನಿಂತಳು. ಅವಳು ಹಾಗೆ ನಿಂತದ್ದನ್ನು ನಾನು ಮೊದಲು ಕಂಡಿರಲಿಲ್ಲ.

"ಒಮ್ಮೆ ನೋಡಿ ಬರುವ" ಎಂದಳು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಬರೆಯುವಾಗ ಕನ್ನಡ ಮಾಡಿದ್ದೇನೆ.

"ನೋಡುವ" ಎಂದರು ಮಾವ. "ಮೂರು ದಿನ. ಸಿಕ್ಕಿದರೆ ಕಿವಿ ಹಿಡಿದು ತರುವ. ಸಿಗದಿದ್ದರೆ ಬೆಳ್ತಂಗಡಿಯವರಿಗೆ ಮಾತು ಕೊಡ್ತೇನೆ. ಮತ್ತೆ ನೀನು ಅಳಲಿಕ್ಕಿಲ್ಲ."

ಅಕ್ಕ ತಲೆಯಾಡಿಸಿದಳು. ಮಾವ ಕೆಟ್ಟವರಾಗಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವಾಗ ಯಾರನ್ನಾದರೂ ಬೈಯಬೇಕೆಂದು ನಿಮಗೆ ಅನ್ನಿಸಬಹುದು. ಬೈಯುವುದಾದರೆ ನನ್ನನ್ನು ಬೈಯಿರಿ.

ಮೂಡಬಿದ್ರೆಯಲ್ಲಿ ನಮಗೆ ದೊಡ್ಡಮ್ಮನ ಮನೆ. ದೊಡ್ಡಮ್ಮ ವ್ಯಾಪಾರದ ದೆಸೆಯಿಂದ ತವರು ಬಿಟ್ಟು ಗಂಡನ ಅಂಗಡಿಯ ಹಿಂದಿನ ಮನೆಯಲ್ಲಿ ಇದ್ದಳು. ಕೈ ಧಾರಾಳ, ನಾಲಿಗೆ ಅದಕ್ಕಿಂತ ಧಾರಾಳ. ಅವಳಿಗೆ ಹೇಳಿದ್ದು ಸಂಜೆಯೊಳಗೆ ಕಾರ್ಕಳಕ್ಕೆ ಮುಟ್ಟುತ್ತಿತ್ತು. ಆದ್ದರಿಂದ ಭಾವ ಘಟ್ಟದ ಮೇಲಿದ್ದಾರೆ, ನಾವು ಮಜಾ ಮಾಡಲಿಕ್ಕೆ ಬಂದವರು ಎಂದೇ ಅವಳ ಹತ್ತಿರ ಹೇಳುವುದೆಂದು ಬಸ್ಸಿನಲ್ಲಿ ಮಾವ ನಮಗೆ ಪಾಠ ಮಾಡಿದರು. ಬಸ್ಸು ವೇಣೂರಿನಲ್ಲಿ ನಿಂತಾಗ ಅಕ್ಕ ಆಚೆ ಬದಿಯ ಕಿಟಕಿ ನೋಡಿದಳು. ಹತ್ತಿದವರಲ್ಲಿ ಇಬ್ಬರು ನಮ್ಮನ್ನು ಗುರುತು ಹಿಡಿದು, ಎಲ್ಲಿಗೆ ಎಂದು ಕೇಳಿದರು. "ಸರ್ಕಸ್ಸು ನೋಡ್ಲಿಕ್ಕೆ" ಎಂದೆ ನಾನು, ಉಬ್ಬಿಕೊಂಡು. ನಿಜ ಹೇಳುತ್ತೇನೆ, ಅಕ್ಕನ ಕಷ್ಟ ನನಗೆ ತಿಳಿದಿತ್ತು, ಆದರೆ ಹೊಟ್ಟೆಯೊಳಗೆ ಖುಷಿ ಕುಣಿಯುತ್ತಿತ್ತು.

ಆ ದಿನಗಳ ಮೂಡಬಿದ್ರೆಯನ್ನು ನೋಡಬೇಕಿತ್ತು. ಪೇಟೆಯ ಹೊರಗಿನ ಒಣಗಿದ ಗದ್ದೆಗಳಲ್ಲಿ ಮೂರು ಡೇರೆ. ನಡುವೆ ಸೋಡ, ಚರುಂಬುರಿ, ಬಳೆ, ತಿರುಗುವ ತೊಟ್ಟಿಲು. ಬಂಟ್ವಾಳದಿಂದ, ಕಾರ್ಕಳದಿಂದ, ಬೆಳ್ತಂಗಡಿಯಿಂದ ಜನ ಮರೆತುಹೋದ ನೆಂಟರನ್ನೆಲ್ಲ ನೆನಪು ಮಾಡಿಕೊಂಡು ಬಂದು ನಾಲ್ಕು ದಿನ ಠಿಕಾಣಿ ಹಾಕಿದ್ದರು. ಅದರಲ್ಲಿ ಅರ್ಧ ಜನ ಯಾವ ಡೇರೆಯ ಒಳಗೂ ಹೋಗುವವರಲ್ಲ. ಡೇರೆಗಳ ಹೊರಗೆ, ಗ್ಯಾಸ್‌ಲೈಟಿನ ಕೆಳಗೆ, ಚಾಪೆ ಹಾಸಿ ಜುಗಾರಿ. ಉಲಾಯಿ ಪಿದಾಯಿ, ಅಂದರೆ ಒಳಗೋ ಹೊರಗೋ ಎಂಬ ಇಸ್ಪೀಟಾಟ. ಪೊಲೀಸರು ಬರುವಾಗ ಚಾಪೆ ಮಡಚುವುದು, ಹೋದ ಮೇಲೆ ಬಿಡಿಸುವುದು. ಅದನ್ನು ಆಡಲಿಕ್ಕೆಂದೇ ಬಿಳಿ ಪಂಚೆಯುಟ್ಟು ಬಂದ ಯಜಮಾನರುಗಳು ಮನೆಯಲ್ಲಿ ಹೇಳಿದ್ದು, ಮಕ್ಕಳಿಗೆ ಆನೆ ತೋರಿಸಿ ಬರುತ್ತೇವೆ ಎಂದು.

ಮೊದಲ ದಿನ ಸಂಜೆ ದೊಡ್ಡಮ್ಮನ ಜಗಲಿಯಲ್ಲಿ ಚರ್ಚೆಯಾಯಿತು. ಯಾವುದನ್ನು ನೋಡುವುದು? ಮಾವ ನಿಯಮ ಹಾಕಿಬಿಟ್ಟರು: ಹೆಂಗಸರು ದಿನಾ ಡೇರೆ ಸುತ್ತಿದರೆ ನೋಡಿದವರು ಎಂತ ಹೇಳಿಯಾರು, ಹಗಲಿನದೊಂದು, ರಾತ್ರಿಯದೊಂದು. ಹಗಲಿನದು ಸರ್ಕಸ್ಸು, ಅದರಲ್ಲಿ ಮಾತಿಲ್ಲ. ರಾತ್ರಿಗೆ ನಾಟಕವೋ ಯಕ್ಷಗಾನವೋ ಎಂಬುದು ಪ್ರಶ್ನೆ. ನಾನು ನಾಟಕ ಎಂದೆ. ನಾಟಕದ ಡೇರೆಯಲ್ಲಿ ಕರೆಂಟು ಯಂತ್ರವಿತ್ತು, ಮಳೆ ಬರುವ ಸೀನಿನಲ್ಲಿ ನಿಜವಾದ ನೀರೇ ಬೀಳುತ್ತದೆಂದು ಕೇಳಿದ್ದೆ. ದೊಡ್ಡಮ್ಮನೂ ನಾಟಕವೇ ಎಂದಳು, ಅದರಲ್ಲಿ ಹೆಂಗಸರ ಪಾರ್ಟು ಹೆಂಗಸರೇ ಮಾಡುತ್ತಾರೆ, ಯಾರು ಯಾರೆಂದು ನೋಡಿಕೊಂಡು ಬರಬಹುದಲ್ಲ.

"ನನಗೆ ಆಟ ಆಗಬಹುದು" ಎಂದಳು ಅಕ್ಕ. ನಮ್ಮಲ್ಲಿ ಯಕ್ಷಗಾನಕ್ಕೆ ಆಟ ಎಂದೇ ಹೆಸರು.

"ಆಟವನ್ನು ಊರಲ್ಲೂ ನೋಡಬಹುದಲ್ಲ ಮಾರಾಯ್ತಿ" ಎಂದು ದೊಡ್ಡಮ್ಮ ನಕ್ಕಳು.

ಅಕ್ಕ ಎದ್ದು ದೀಪದ ಬತ್ತಿ ಸರಿಮಾಡಿದಳು. ಅವಳಿಗೆ ಬೇಕಾದದ್ದು ಯಾವುದು ಚಂದ ಎಂಬುದಲ್ಲ, ಯಾವುದರಲ್ಲಿ ಅವರು ಇರಬಹುದು ಎಂಬುದು. ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆ ದಿನ ಮಲಗುವ ಮೊದಲು ನನ್ನ ಕಿವಿಯಲ್ಲಿ ಹೇಳಿದಳು: "ನಾಟಕದಲ್ಲಿ ಪದ ಹೇಳಬೇಕು, ಚುರುಕಿನ ಕನ್ನಡ ಬೇಕು. ಅವರಿಗೆ ಅದು ಆಗ್ಲಿಕ್ಕಿಲ್ಲ. ಆಟದಲ್ಲಿಯೇ ಇರಬೇಕು, ಅಲ್ಲದಿದ್ದರೆ ಸರ್ಕಸ್ಸಿನಲ್ಲಿ ಹಗ್ಗ ಎಳೆಯುವ ಕೆಲಸಕ್ಕೆ." ನನಗೆ ನಾಟಕ ತಪ್ಪಿಹೋಗುವ ಬೇಸರ. ನಾನು ಗೋಡೆಯ ಕಡೆ ತಿರುಗಿದೆ.

ಎರಡನೆಯ ದಿನ ಬೆಳಿಗ್ಗೆ ಮಾವ ಟಿಕೇಟು ಕೇಳುವ ನೆವದಲ್ಲಿ ನಾಟಕದ ಬಿಡಾರಕ್ಕೆ ಹೋಗಿ ವಿಚಾರಿಸಿದರು. ಅವರಲ್ಲಿ ಹೊಸಬರು ಯಾರೂ ಇರಲಿಲ್ಲ, ಎಲ್ಲ ಘಟ್ಟದ ಮೇಲಿನವರೇ. ಮಧ್ಯಾಹ್ನ ಊಟ ಮಾಡಿ ಸರ್ಕಸ್ಸಿಗೆ ಹೋದೆವು. ಆನೆ ಸ್ಟೂಲಿನ ಮೇಲೆ ಕೂತಿತು, ಮೂರು ಹುಡುಗಿಯರು ಒಂದೇ ಸೈಕಲ್ಲಿನಲ್ಲಿ ಸುತ್ತು ಬಂದರು, ತಂತಿಯ ಮೇಲೆ ನಡೆದವಳ ಕಾಲುಚೀಲಕ್ಕೆ ಹಿಮ್ಮಡಿಯಲ್ಲಿ ತೇಪೆ ಇತ್ತು. ಅಕ್ಕ ಇದೊಂದನ್ನೂ ನೋಡಲಿಲ್ಲ. ಕಂಬದ ಬುಡದಲ್ಲಿ ನಿಂತು ಹಗ್ಗ ಹಿಡಿದವರನ್ನು, ಬಲೆ ಕಟ್ಟುವವರನ್ನು, ಲದ್ದಿ ಬಾಚುವವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಎಲ್ಲರೂ ಮೇಲೆ ನೋಡುವಾಗ ಇವಳೊಬ್ಬಳು ಕೆಳಗೆ ಎಂತ ನೋಡುವುದು? ಬಿದ್ದುಹೋದದ್ದು ಉಂಟಾ ಏನಾದರೂ?" ಎಂದು ದೊಡ್ಡಮ್ಮ ಕೇಳಿದಳು.

"ಅವಳಿಗೆ ಎತ್ತರ ನೋಡಿದರೆ ತಲೆ ತಿರುಗ್ತದೆ" ಎಂದರು ಮಾವ. ಅವರು ಆ ಸುಳ್ಳನ್ನು ಎಷ್ಟು ಬೇಗ, ಎಷ್ಟು ಮೆತ್ತಗೆ ಹೇಳಿದರೆಂದರೆ, ನನಗೆ ಮಾವನ ಮೇಲೆ ಆ ಕ್ಷಣದಲ್ಲಿ ಪ್ರೀತಿ ಬಂತು.

ಸರ್ಕಸ್ಸಿನಲ್ಲಿ ಭಾವ ಇರಲಿಲ್ಲ. ಉಳಿದದ್ದು ಮೇಳ. ಅದು ಆ ರಾತ್ರಿ ಕೊನೆಯ ಆಟ ಆಡಿ ಬೆಳಗ್ಗೆ ಡೇರೆ ಬಿಚ್ಚುವುದಿತ್ತು. ಮಾವ ಸರ್ಕಸ್ಸಿನಿಂದ ಬರುವಾಗ ನಮ್ಮನ್ನು ಮುಂದೆ ಕಳಿಸಿ ಉಲಾಯಿ ಪಿದಾಯಿಯ ಹತ್ತಿರ ಒಂದು ಗಳಿಗೆ ಕೂತರು. ಗೆದ್ದರು. ಗೆದ್ದ ಗಮ್ಮತ್ತಿನಲ್ಲಿ ನಮಗೆಲ್ಲ ಮುಂದಿನ ಸಾಲಿನ ಕುರ್ಚಿ ಟಿಕೇಟು ತಂದರು. ಜನ್ಮದಲ್ಲಿ ನಾವು ನೆಲದ ಟಿಕೇಟಿನ ಮೇಲೆ ಹೋದವರಲ್ಲ. ಆಟಕ್ಕೆ ಹೋಗುವಾಗ ಚಾಪೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಹೋಗುವವರು.

ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಗದ್ದೆಯ ಕಡೆಯಿಂದ ಚೆಂಡೆ ಕೇಳಿತು. ಜನ ಬರಲಿ ಎಂದು ಮೊದಲು ಬಾರಿಸುವ ಕೇಳಿ ಅದು. ಅಕ್ಕ ಅಷ್ಟರಲ್ಲಿ ಕಾಲು ತೊಳೆದು ಸೀರೆಯುಟ್ಟು ಜಗಲಿಯಲ್ಲಿ ನಿಂತಿದ್ದಳು.

"ಈಗಲೇ ಹೋಗುವ" ಎಂದಳು.

ಮಾವ ಜೋರಾಗಿ ನಕ್ಕರು. "ಈಗ ಹೋಗಿ ಎಂತ ಮಾಡುವುದು? ಕೋಡಂಗಿ ನೋಡುವುದಾ?"

ತಿಳಿಯದವರಿಗೆ ಹೇಳಬೇಕು. ಯಕ್ಷಗಾನದಲ್ಲಿ ಕತೆ ಶುರುವಾಗುವ ಮೊದಲು ಗಂಟೆಗಟ್ಟಲೆ ಪೂರ್ವರಂಗ. ಅದರಲ್ಲಿ ಕುಣಿಯುವವರು ಹೆಜ್ಜೆ ಕಲಿಯುವ ಹೊಸಬರು. ಎಲ್ಲಕ್ಕಿಂತ ಮೊದಲು ಬರುವುದು ಕೋಡಂಗಿಗಳು. ತಲೆಗೊಂದು ಕೆಂಪು ಬಟ್ಟೆ, ಸಾದಾ ವೇಷ, ಮುಖಕ್ಕೆ ಬಣ್ಣವೂ ಇಲ್ಲದಷ್ಟು ಕಡಿಮೆ, ಮಾತು ಇಲ್ಲವೇ ಇಲ್ಲ. ತಾಳಕ್ಕೆ ಸರಿಯಾಗಿ ಕುಣಿದು ಒಳಗೆ ಹೋಗುವುದು, ಅಷ್ಟೆ. ಅದನ್ನು ನೋಡುವವರು ಚರುಂಬುರಿ ತಿನ್ನುವ ಮಕ್ಕಳು, ಜಾಗ ಹಿಡಿಯಲಿಕ್ಕೆ ಬಂದ ನೆಲದ ಟಿಕೇಟಿನವರು. ಆಟದ ರುಚಿ ಗೊತ್ತಿದ್ದವರು ಮನೆಯಲ್ಲಿ ನಿಧಾನಕ್ಕೆ ಉಂಡು, ಎಲೆಯಡಿಕೆ ಹಾಕಿ, ಕತೆ ಶುರುವಾಗುವ ಹೊತ್ತಿಗೆ ಸರಿಯಾಗಿ ಹೋಗಿ ಕೂರುವುದು. ಕುರ್ಚಿಯವರು ಕೋಡಂಗಿಯ ಹೊತ್ತಿಗೆ ಹೋಗುವುದೆಂದರೆ ಮದುವೆಗೆ ಅಡಿಗೆಯವರಿಗಿಂತ ಮೊದಲು ಹೋದ ಹಾಗೆ. ಮಾವನಂಥ ಆಟದ ಮರುಳರಿಗಂತೂ ಅದು ಮಾನ ಹೋಗುವ ಕೆಲಸ.

ಇನ್ನೂ ಒಂದು ಉಂಟು. ಭಾವ ಮೇಳದಲ್ಲಿದ್ದರೆ ಎಂತ ಮಾಡುತ್ತಿರಬಹುದು ಎಂದು ನಾವು ಯೋಚಿಸಿಯೇ ಇದ್ದೆವು. ಕೋಡಂಗಿ ಕಟ್ಟುವವರು ಹತ್ತು ಹನ್ನೆರಡರ ಪ್ರಾಯದವರು. ಇಪ್ಪತ್ತಾರರ ಗಂಡಸು, ಒಳ್ಳೆಯ ಮನೆತನದವರು, ಆ ಮಕ್ಕಳ ಸಾಲಿನಲ್ಲಿ ನಿಂತು ಕುಣಿದಾರು ಎಂಬುದು ನಮ್ಮ ಯಾರ ತಲೆಗೂ ಬರಲಿಲ್ಲ. ಬಂದರೂ ಅದನ್ನು ಅವರ ಮೇಲೆ ಹೊರಿಸಲು ನಮಗೆ ನಾಚಿಕೆಯಾಗುತ್ತಿತ್ತು. ಯಾವುದಾದರೂ ಸಣ್ಣ ಪಾರ್ಟು, ಒಬ್ಬ ದೂತನೋ ಬೇಟೆಗಾರನೋ, ಇಲ್ಲವೇ ಪೆಟ್ಟಿಗೆ ಹೊರುವ ಕೆಲಸ. ಹಾಗೆಂದು ಮಾವ ತೀರ್ಮಾನ ಮಾಡಿದ್ದರು.

ಅಷ್ಟಾದರೂ ಅಕ್ಕ ಜಗಲಿಯಿಂದ ಅಲುಗಲಿಲ್ಲ. ಅವಳಿಗೂ ಕೋಡಂಗಿಯ ಯೋಚನೆ ಇರಲಿಲ್ಲವೆಂದು ನನಗೆ ಖಾತ್ರಿ. ಸುಮ್ಮನೆ ಕೂರಲು ಆಗದೆ ಹೊರಟವಳು ಅವಳು. ದೊಡ್ಡಮ್ಮನಿಗೆ ಪಾಪ ಅನ್ನಿಸಿತೋ ಏನೋ. "ಅವಳಿಗೆ ಅಷ್ಟು ಆಸೆಯಿದ್ದರೆ ತಂಗಿ ಜೊತೆಗೆ ಹೋಗಲಿ. ಎರಡು ಹೆಜ್ಜೆ ದೂರ. ಬೆಳಕೂ ಉಂಟು, ಜನವೂ ಉಂಟು. ನಾವು ಉಂಡು ಬರುವ" ಎಂದಳು.

ಮಾವ ನನ್ನ ಮುಖ ನೋಡಿದರು. "ಹೋಗ್ತೀಯಾ?"

ನಾನು ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅವರು ಬೇಡ ಎನ್ನುತ್ತಿರಲಿಲ್ಲ. ಆದರೆ ಆ ಸಂಜೆ ದೊಡ್ಡಮ್ಮ ನನಗೆ ಅವಳ ನೀಲಿ ಪಟ್ಟೆಸೀರೆ ಉಡಿಸುವುದೆಂದು ಹೇಳಿದ್ದಳು. ನನ್ನ ಬಾಳಿನ ಮೊದಲ ಸೀರೆ. ಅದು ಇನ್ನೂ ಪೆಟ್ಟಿಗೆಯಲ್ಲಿತ್ತು, ನನ್ನ ತಲೆ ಬಾಚಿರಲಿಲ್ಲ. ಕುರ್ಚಿಗಳೆಲ್ಲ ತುಂಬಿದ ಮೇಲೆ, ಎಲ್ಲರೂ ತಿರುಗಿ ನೋಡುವ ಹಾಗೆ, ಮುಂದಿನ ಸಾಲಿಗೆ ನಡೆದುಕೊಂಡು ಹೋಗುವುದನ್ನು ನಾನು ಮಧ್ಯಾಹ್ನದಿಂದ ನೂರು ಸಲ ಮನಸ್ಸಿನಲ್ಲೇ ನಡೆದು ನೋಡಿದ್ದೆ. ಲಂಗ ಹಾಕಿಕೊಂಡು ಹೋಗಿ ಖಾಲಿ ಕುರ್ಚಿಗಳ ನಡುವೆ ಹಳ್ಳಿಗುಗ್ಗುವಿನ ಹಾಗೆ ಕೂರುವುದೆಂದರೆ!

"ನಾನು ಹೋಗುವುದಿಲ್ಲ" ಎಂದೆ. "ಕೋಡಂಗಿ ನೋಡ್ಲಿಕ್ಕೆ ಯಾರು ಹೋಗ್ತಾರೆ?"

ಮಾವನಿಗೆ ಖುಷಿಯಾಯಿತು. "ನೋಡು, ಇವಳಿಗೆ ಗೊತ್ತುಂಟು" ಎಂದರು. ಅಕ್ಕ ನನ್ನನ್ನು ಬೈಯಲಿಲ್ಲ. ಒಳಗೆ ಹೋಗಿ ಎಲೆ ಹಾಕಿದಳು, ಎಲ್ಲರಿಗೂ ಬಡಿಸಿದಳು, ಆಮೇಲೆ ನನ್ನ ತಲೆಯನ್ನೂ ಅವಳೇ ಬಾಚಿದಳು. ಬಾಚುವಾಗ ಅವಳ ಕೈ ತಣ್ಣಗಿತ್ತು. ಗದ್ದೆಯ ಕಡೆಯಿಂದ ಚೆಂಡೆ ಮದ್ದಳೆ ಕೇಳುತ್ತಲೇ ಇತ್ತು. ನಾವು ಹೊರಟಾಗ ಹತ್ತು ಗಂಟೆ ದಾಟಿತ್ತು.

ಡೇರೆ ತುಂಬಿತ್ತು. ನಾನು ಬಯಸಿದ ಹಾಗೆಯೇ ಜನ ತಿರುಗಿ ನೋಡಿದರು. ಅದು ಎಷ್ಟು ಹೊತ್ತಿನ ಸುಖ ಎಂದರೆ, ನಡೆದು ಹೋಗಿ ಕೂರುವವರೆಗೆ. ಕೂತ ಮೇಲೆ ಪಕ್ಕದಲ್ಲಿದ್ದ ಅಕ್ಕನ ಉಸಿರು ಕೇಳಿಸಿತು. ರಂಗಕ್ಕೆ ಬಂದ ಪ್ರತಿಯೊಂದು ವೇಷವನ್ನೂ ಅವಳು ಕಿರೀಟ ಬಿಟ್ಟು, ಬಣ್ಣ ಬಿಟ್ಟು, ಪಾದದಿಂದ ಮೇಲಕ್ಕೆ ನೋಡುತ್ತಿದ್ದಳು. ದೂತ ಬಂದ. ಅವನು ಕುಳ್ಳ. ಬೇಟೆಗಾರರು ಮೂವರು ಬಂದರು. ಅಕ್ಕ ನನ್ನ ಮಣಿಗಂಟು ಹಿಡಿದಳು, ಮತ್ತೆ ಬಿಟ್ಟಳು. ಪಕ್ಕದ ಸಾಲಿನವರು ಹಾಸ್ಯಗಾರನ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದೊಡ್ಡಮ್ಮ ನಗುತ್ತ ನಗುತ್ತ ಅಕ್ಕನ ತೊಡೆಗೆ ಹೊಡೆದು, "ನಗು ಮಾರಾಯ್ತಿ, ಹಣ ಕೊಟ್ಟಾಗಿದೆ" ಎಂದಳು. ಅಕ್ಕ ನಕ್ಕಳು. ಆ ನಗುವನ್ನು ನಾನು ಮರೆಯುವ ಹಾಗಿದ್ದರೆ ಒಳ್ಳೆಯದಿತ್ತು.

ನಡುವೆ ಅಕ್ಕ ಮಾವನ ಕುರ್ಚಿಯ ಹಿಂದೆ ಹೋಗಿ ಬಗ್ಗಿ, "ಚೌಕಿಯಲ್ಲಿ ಒಮ್ಮೆ ನೋಡಿ" ಎಂದಳು. ಚೌಕಿ ಎಂದರೆ ವೇಷ ಕಟ್ಟುವ ಜಾಗ. ಹೆಂಗಸರು ಅಲ್ಲಿಗೆ ಹೋಗುವಂತಿಲ್ಲ. ಮಾವನಂಥವರು ಹೋದರೆ ಮೇಳದವರು ಎದ್ದು ನಿಲ್ಲುತ್ತಾರೆ. ಮಾವ ಹೋದರು. ಅವರು ಬರುವವರೆಗೆ ಅಕ್ಕ ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು. ಹಿಂದಿನವರು ಕೂರಿ, ಕೂರಿ ಎಂದು ಕೂಗಿದರು.

ಮಾವ ಬಂದು ತಲೆಯಲ್ಲಾಡಿಸಿದರು. "ಇಲ್ಲ. ಬಣ್ಣದ ಪೆಟ್ಟಿಗೆಯ ಎದುರು ಕೂತವರನ್ನೆಲ್ಲ ನೋಡಿದೆ. ಹೊಸ ವೇಷದವರು, ಪೆಟ್ಟಿಗೆ ಹೊರುವವರು ಯಾರಾದರೂ ಸೇರಿದ್ದಾರಾ ಎಂದು ಕೇಳಿಯೂ ಕೇಳಿದೆ. ಮೂಲೆಯಲ್ಲಿ ಕೋಡಂಗಿ ಮಕ್ಕಳು ಮಲಗಿದ್ದಾರೆ, ಅಷ್ಟೆ."

ಅಕ್ಕ ಕೂತಳು. ಆಟ ಬೆಳಗಾಗುವವರೆಗೆ ಇತ್ತು. ನಾವು ಕೊನೆಯವರೆಗೂ ಕೂತೆವು, ಯಾಕೆಂದರೆ ಮಜಾ ಮಾಡಲಿಕ್ಕೆ ಬಂದವರು ನಡುವಿನಲ್ಲಿ ಎದ್ದು ಹೋಗುವುದಿಲ್ಲ.

ಮೂರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಮಾವ ಮನೆಗೆ ಬರದೆ ಗುರುವಾಯನಕೆರೆಯಲ್ಲಿ ಇಳಿದು ಬೆಳ್ತಂಗಡಿಗೆ ಹೋದರು. ಹೋಗುವಾಗ ಕಿಟಕಿಯ ಹೊರಗೆ ನಿಂತು ಅಕ್ಕನಿಗೆ, "ನಾನು ಮಾತು ಕೊಟ್ಟು ಬರ್ತೇನೆ. ನೀನು ಒಪ್ಪಿದ್ದು ನೆನಪುಂಟಲ್ಲ" ಎಂದರು. ಅಕ್ಕ, "ಉಂಟು" ಎಂದಳು. ಬಸ್ಸು ಹೊರಟ ಮೇಲೆ ಅವಳು ನನ್ನ ಹೆಗಲಿಗೆ ತಲೆಯಿಟ್ಟಳು. ನಿದ್ದೆ ಬಂದಿದೆ ಎಂದು ತಿಳಿದೆ. ಪುಂಜಾಲಕಟ್ಟೆಯಲ್ಲಿ ಇಳಿಯುವಾಗ ನನ್ನ ರವಕೆಯ ತೋಳು ಒದ್ದೆಯಾಗಿತ್ತು. ಅಳಲಿಕ್ಕಿಲ್ಲ ಎಂಬ ಮಾತನ್ನು ಅವಳು ಮುರಿದದ್ದು ಅದೊಂದೇ ಸಲ.

ಒಂದು ತಿಂಗಳೊಳಗೆ ಬುಡುದಾರೆ ಆಯಿತು. ಹತ್ತು ಜನರಿಗೆ ಊಟ. ಹೊಸ ಭಾವ ಒಳ್ಳೆಯವರು, ಇದನ್ನೂ ಹೇಳಬೇಕು. ಅವರ ಮನೆಯಲ್ಲಿ ಹೆಂಗಸರು ಯಾರೂ ಇಲ್ಲದ ಕಾರಣ ಅಕ್ಕ ಬೆಳ್ತಂಗಡಿಗೇ ಹೋಗಿ ಇರಬೇಕೆಂದು ಮಾತಾಯಿತು. ಅವಳು ಒಂದು ಟ್ರಂಕು ಹಿಡಿದು ಹೋದಳು. ಗೋಡೆಯ ಆಚೆ ಕೋಣೆ ಖಾಲಿಯಾಯಿತು, ನನಗೆ ಎಷ್ಟೋ ದಿನ ನಿದ್ದೆ ಹತ್ತಲಿಲ್ಲ.

ಮಳೆಗಾಲಕ್ಕೆ ಮುಂಚೆ ಪತ್ತನಾಜೆಯ ದಿನ ಮೇಳಗಳೆಲ್ಲ ಗೆಜ್ಜೆ ಬಿಚ್ಚಿ ಆಟ ನಿಲ್ಲಿಸುತ್ತವೆ. ಅದಾಗಿ ಮೂರನೆಯ ದಿನ, ಒಂದು ಮಂಗಳವಾರ, ನಾನು ಅಂಗಳದಲ್ಲಿ ಸೌದೆ ಒಳಗೆ ಹಾಕುತ್ತಿದ್ದೆ. ಬೇಲಿಯ ತೊಡಮೆ ದಾಟಿಕೊಂಡು ಭಾವ ಬಂದರು. ಸೈಕಲ್ಲಿರಲಿಲ್ಲ. ತೆಳ್ಳಗಾಗಿದ್ದರು, ಮುಖದಲ್ಲಿ ಮಾತ್ರ ನಗು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಸೀರೆ.

"ಅಕ್ಕ ಎಲ್ಲಿ?" ಎಂದರು.

ಮನೆಯಲ್ಲಿ ಆಗ ನಾನೊಬ್ಬಳೇ. ಹೇಗೆ ಹೇಳಿದೆನೋ ನನಗೆ ಗೊತ್ತಿಲ್ಲ, ಹೇಳಿದೆ. ಅವರು ಅಂಗಳದ ಕಟ್ಟೆಯ ಮೇಲೆ ಕೂತರು. ನನಗೆ ಹೇಳುವ ಹಾಗೂ ಅಲ್ಲ, ತನಗೇ ಹೇಳಿಕೊಳ್ಳುವ ಹಾಗೂ ಅಲ್ಲದೆ ಮಾತಾಡಿದರು. ಚಿಕ್ಕಂದಿನಿಂದ ಅವರಿಗೆ ವೇಷದ ಹುಚ್ಚು. ಮಾವನ ಹತ್ತಿರ ಕೇಳಿದರೆ ಈ ಪ್ರಾಯದಲ್ಲಿ ಕೋಡಂಗಿ ಕಟ್ಟುತ್ತೀಯಾ ಎಂದು ನಗುತ್ತಾರೆ. ಅಕ್ಕನಿಗೆ ಹೇಳಿದರೆ ಅವಳು ಮಾವನೆದುರು ಸುಳ್ಳು ಹೇಳಬೇಕಾಗುತ್ತದೆ. ಮೇಳದೊಟ್ಟಿಗೆ ಒಂದು ವರ್ಷದ ತಿರುಗಾಟ ಮುಗಿಸಿ, ಒಂದು ಪಾರ್ಟು ಹಿಡಿದು, ಮುಖ ಎತ್ತಿಕೊಂಡು ಬರುವ ಎಂದು ಹೋದದ್ದು. ಬರುವ ವರ್ಷಕ್ಕೆ ಮಾತಿರುವ ಸಣ್ಣ ವೇಷ ಕೊಡುತ್ತೇವೆಂದು ಮೇಳದವರು ಹೇಳಿದ್ದರು. ಅದನ್ನು ಹೇಳಲಿಕ್ಕೆ ಓಡಿ ಬಂದಿದ್ದರು.

"ನಾವು ಹುಡುಕಿದೆವು" ಎಂದೆ ನಾನು. "ಮೂಡಬಿದ್ರೆಗೆ ಬಂದು ಆಟಕ್ಕೂ ಕೂತಿದ್ದೆವು. ಅಕ್ಕನೂ ಬಂದಿದ್ದಳು."

ಅವರು ತಲೆಯೆತ್ತಿದರು. "ಅವಳು ಬಂದಿದ್ದಳಾ? ಎಷ್ಟು ಗಂಟೆಗೆ ಬಂದದ್ದು ನೀವು?"

"ಹತ್ತು ದಾಟಿತ್ತು."

"ನಾನು ಎಂಟೂವರೆಗೆ ಕುಣಿದು ಮುಗಿಸಿದ್ದೆ" ಎಂದರು ಭಾವ. "ಮಕ್ಕಳೊಟ್ಟಿಗೆ ಮೂಲೆಯಲ್ಲಿ ಮಲಗಿದ್ದೆ. ಮಾವನ ಸ್ವರ ಕೇಳಿತು. ನಾಚಿಕೆಯಾಗಿ ಮುಖದ ಮೇಲೆ ಹೊದಿಕೆ ಎಳೆದುಕೊಂಡೆ. ಅವರೊಬ್ಬರೇ ಆಟ ನೋಡ್ಲಿಕ್ಕೆ ಬಂದದ್ದು ಅಂತ ಗ್ರಹಿಸಿದೆ. ಅವಳು ಹೊರಗೆ ಉಂಟೆಂದು ಗೊತ್ತಿದ್ದರೆ..."

ಆಮೇಲೆ ಎದ್ದು, "ಅವಳಿಗೆ ಹೇಳಬೇಡ. ನಾನು ಬಂದದ್ದೂ ಬೇಡ. ಅವಳು ಬದುಕಲಿ" ಎಂದು ಹೊರಟರು. ಸೀರೆಯನ್ನು ತೆಗೆದುಕೊಂಡೇ ಹೋದರು. ಅವರು ತೊಡಮೆ ದಾಟುವವರೆಗೂ ನಾನು ಕೈಯಲ್ಲಿ ಸೌದೆ ಹಿಡಿದು ನಿಂತಿದ್ದೆ. ಸೀರೆಯಾಸೆಗೆ ಜೊತೆಗೆ ಹೋಗದೆ ನಿಂತವಳು ನಾನೆಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಇವತ್ತಿಗೂ ಯಾರಿಗೂ ಹೇಳಿದ್ದಿಲ್ಲ.

ಮತ್ತೆ ಅವರು ಯಾವ ಮೇಳದಲ್ಲಿಯೂ ಇದ್ದ ಸುದ್ದಿ ಬರಲಿಲ್ಲ. ಈ ಸಲ ನಿಜವಾಗಿಯೇ ಘಟ್ಟ ಹತ್ತಿದರೆಂದು ಕೆಲವರು ಹೇಳಿದರು. ಮಾವ ಕೊನೆಯವರೆಗೂ ಅವನೊಬ್ಬ ಪುಕ್ಕಲ, ಹೆಂಡತಿಯನ್ನು ಬಿಟ್ಟು ಓಡಿದವ ಎಂದೇ ತಿಳಿದಿದ್ದರು. ನಾನು ಅದನ್ನೂ ತಿದ್ದಲಿಲ್ಲ. ತಿದ್ದಿದರೆ ಅವರ ಬಾಯಿಂದ ಅಕ್ಕನಿಗೆ ಮುಟ್ಟುತ್ತಿತ್ತು.

ಅರವತ್ತರ ದಶಕದ ನಡುವೆ, ನನಗೂ ಮದುವೆಯಾದ ಮೇಲೆ, ಒಮ್ಮೆ ಬೆಳ್ತಂಗಡಿಗೆ ಅಕ್ಕನನ್ನು ನೋಡಲಿಕ್ಕೆ ಹೋಗಿದ್ದೆ. ಅವಳಿಗೆ ಆಗ ಎರಡು ಮಕ್ಕಳು. ಹೊಸ ಭಾವನಿಗೂ ಆಟವೆಂದರೆ ಪ್ರಾಣ. ಊರಿಗೆ ಮೇಳ ಬಂದಿತ್ತು, ನಾಟಕವೂ ಬಂದಿತ್ತು. "ಯಾವುದಕ್ಕೆ ಹೋಗುವ, ನೀನೇ ಹೇಳು" ಎಂದು ಅವರು ಪ್ರತಿವರ್ಷ ಅಕ್ಕನನ್ನು ಕೇಳುತ್ತಿದ್ದರಂತೆ. ಪ್ರತಿವರ್ಷವೂ ಅವಳು, ನೀವು ಹೋಗಿ ಬನ್ನಿ, ಮನೆಯಲ್ಲಿ ಕೆಲಸ ಉಂಟು, ಎನ್ನುತ್ತಿದ್ದಳಂತೆ. ಆ ಮಧ್ಯಾಹ್ನ ನಾವಿಬ್ಬರೂ ಹಿತ್ತಿಲ ಜಗಲಿಯಲ್ಲಿ ಕೂತು ಹಲಸಿನ ಬೇಳೆಯ ಸಿಪ್ಪೆ ತೆಗೆಯುತ್ತಿದ್ದೆವು. ಅವಳು ತಲೆಯೆತ್ತದೆಯೇ ಕೇಳಿದಳು:

"ಆ ದಿನ ಮೂಡಬಿದ್ರೆಯಲ್ಲಿ ನಾವು ಸ್ವಲ್ಪ ಬೇಗ ಹೋಗಿದ್ದರೆ?"

ಅಷ್ಟು ವರ್ಷಗಳಲ್ಲಿ ಅವಳು ಆ ದಿನದ ಮಾತೆತ್ತಿದ್ದು ಅದು ಮೊದಲು. ಒಂದು ಬೇಳೆ ಕೈಯಿಂದ ಜಾರಿ ಉರುಳಿಕೊಂಡು ಹೋಯಿತು, ಅದನ್ನು ಹೆಕ್ಕಿಕೊಂಡು ಬಂದು ಕೂತೆ.

"ಬೇಗ ಹೋಗಿದ್ದರೆ ಎಂತ ಆಗ್ತಿತ್ತು?" ಎಂದೆ. "ಕೋಡಂಗಿ ನೋಡ್ತಿದ್ದೆವು, ಅಷ್ಟೆ."

ಅಕ್ಕ ಕೈಯಲ್ಲಿದ್ದ ಬೇಳೆಯ ಸಿಪ್ಪೆ ಪೂರ್ತಿ ತೆಗೆದಳು. ಆಮೇಲೆ, "ಹೌದಲ್ಲ" ಎಂದಳು. ಎಷ್ಟೋ ವರ್ಷದ ಭಾರ ಇಳಿಸಿದವಳ ಹಾಗೆ ಉಸಿರು ಬಿಟ್ಟು, ಬೇಳೆಯ ಬುಟ್ಟಿಯನ್ನು ನನ್ನ ಕಡೆಗೆ ಸರಿಸಿದಳು.